ಊಟ ಸರಿಯಿದೆ, ಪ್ರಾರ್ಥನೆಯೂ ಸರಿಯಿದೆ, ಆದರೂ ಮನೆ ಒಣಗಿದಂತಿದೆ ಏಕೆ?

ಒಲೆಗಾವಲು · ಭಾನುವಾರ, ರಾತ್ರಿ 9.40

ಬಹಳ ದಿನಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಉದ್ದವಾದರೆ ಬೇಸರಪಡಬೇಡಿ.

ಮೂರು ವರ್ಷಗಳ ಹಿಂದೆ ನಮ್ಮ ಯಜಮಾನರಿಗೆ ರಕ್ತದೊತ್ತಡ ಮಿತಿಮೀರಿ ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಮನೆಗೆ ಬಂದ ದಿನವೇ ಅಡುಗೆಮನೆಯನ್ನು ಮೇಲೆಕೆಳಗೆ ಮಾಡಿದೆ. ಪೊಟ್ಟಣದ ತಿಂಡಿಗಳೆಲ್ಲ ಹೊರಗೆ ಹೋದವು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಲ್ಲ, ಅದನ್ನೇ ಹಿಡಿದುಕೊಂಡೆ. ನಾವು ನಾಲ್ಕು ಜನ. ಪ್ರತಿದಿನ ಬೆಳಿಗ್ಗೆ 20 ಗ್ರಾಂ ತೂಗಿ ಒಂದು ಸಣ್ಣ ಸೀಸೆಗೆ ಹಾಕುತ್ತೇನೆ. ಸೀಸೆ ಖಾಲಿಯಾದರೆ ಆ ದಿನದ ಉಪ್ಪು ಮುಗಿಯಿತು. ತರಕಾರಿ ಮತ್ತು ಹಣ್ಣು ಸೇರಿ ತಲೆಗೆ 400 ಗ್ರಾಂ, ಅದನ್ನೂ ತೂಗುತ್ತೇನೆ. ಬೆಳಿಗ್ಗೆ ಐದೂವರೆಗೆ ಇಪ್ಪತ್ತು ನಿಮಿಷ, ಸಂಜೆ ಹದಿನೈದು ನಿಮಿಷ ಪ್ರಾರ್ಥನೆ. ಎಲ್ಲರೂ ಕೂರಲೇಬೇಕು.

ಯಜಮಾನರ ಬಿಪಿ ಹತೋಟಿಯಲ್ಲಿದೆ. ಮಾತ್ರೆಯೂ ನಡೆದಿದೆ, ಊಟವೂ ನೆರವಾಗಿದೆ ಎಂದು ವೈದ್ಯರು ಹೇಳಿದರು. ಆ ಮಟ್ಟಿಗೆ ನನಗೆ ಸಮಾಧಾನ.

ಈ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅಪ್ಪ ಮಗಳು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ನಾನು ಒಳಗೆ ಕಾಲಿಟ್ಟೆ. ಇಬ್ಬರೂ ಥಟ್ಟನೆ ಸುಮ್ಮನಾದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ. ಯಜಮಾನರು ಟವೆಲ್ ತೆಗೆದುಕೊಂಡು ಆಚೆ ಹೋದರು. ಮಗಳನ್ನು ಕೇಳಿದೆ. ಅವಳು ತಲೆ ತಗ್ಗಿಸಿಕೊಂಡು, “ಅಮ್ಮಾ, ನಮ್ಮ ಮನೆಯಲ್ಲಿ ಊಟಕ್ಕೆ ಕೂರುವುದೆಂದರೆ ಪರೀಕ್ಷೆಗೆ ಕೂತ ಹಾಗಿರುತ್ತದೆ. ಪ್ರಾರ್ಥನೆಯೆಂದರೆ ಹಾಜರಿ” ಎಂದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟೆಲ್ಲ ಯಾರಿಗಾಗಿ ಮಾಡುತ್ತಿದ್ದೇನೆ? ನಾನು ಎಲ್ಲಿ ತಪ್ಪಿದೆ, ಹೇಳಿ.

ಹಳೆಪಾತ್ರೆ · ಭಾನುವಾರ, ರಾತ್ರಿ 10.05

ತಂಗೀ, ನಿನ್ನ ಉಪ್ಪಿನ ಸೀಸೆಯ ಕಥೆ ಓದಿ ನಗು ತಡೆಯಲಾಗಲಿಲ್ಲ, ತಪ್ಪು ತಿಳಿಯಬೇಡ. ನಾನೂ ಒಂದು ಕಾಲದಲ್ಲಿ ಎಣ್ಣೆಯ ಡಬ್ಬಕ್ಕೆ ಗೆರೆ ಎಳೆದು ವಾರ, ತಾರೀಕು ಬರೆದವಳು. ಗೆರೆಗಿಂತ ಕೆಳಗೆ ಇಳಿದರೆ ಆ ವಾರ ಯಾರಿಗೂ ಒಗ್ಗರಣೆಯಿಲ್ಲ. ಆಗ ನನ್ನ ಗಂಡ ಒಂದು ಮಾತು ಹೇಳಿದ್ದರು: “ನೀನು ಅಡುಗೆ ಮಾಡುತ್ತಿಲ್ಲ ಮಾರಾಯಿತಿ, ತೆರಿಗೆ ವಸೂಲಿ ಮಾಡುತ್ತಿದ್ದೀಯ.” ಒಂದು ವಾರ ಮಾತು ಬಿಟ್ಟಿದ್ದೆ. ಆಮೇಲೆ ಗೆರೆ ಅಳಿಸಿದೆ.

ಎಣ್ಣೆ ಹೆಚ್ಚೇನೂ ಖರ್ಚಾಗಲಿಲ್ಲ, ಬಲ್ಲೆಯಾ? ಕೈಗೆ ಅಭ್ಯಾಸವಾಗಿತ್ತು. ಗೆರೆ ಬೇಕಾಗಿದ್ದದ್ದು ಎಣ್ಣೆಗಲ್ಲ, ನನ್ನ ಭಯಕ್ಕೆ.

ಸೊಪ್ಪಿನಕಟ್ಟು · ಭಾನುವಾರ, ರಾತ್ರಿ 11.20

ನಾನು ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆ. ಹದಿನೆಂಟು ವರ್ಷಗಳಿಂದ ಜನರಿಗೆ “ತೂಗಿ, ಅಳೆಯಿರಿ” ಎಂದು ಹೇಳುವುದೇ ನನ್ನ ಕೆಲಸ. ಆದ್ದರಿಂದ ಒಲೆಗಾವಲು ಅವರ ಬೆನ್ನು ತಟ್ಟಿಯೇ ಮಾತು ಆರಂಭಿಸುತ್ತೇನೆ. 5 ಗ್ರಾಂ ಎಂದರೆ ಸುಮಾರು ಒಂದು ಸಮ ಟೀ ಚಮಚ, ಅಷ್ಟೇ. ಅದಕ್ಕೆ ಅಂಟಿಕೊಂಡು ಮೂರು ವರ್ಷ ಮನೆ ನಡೆಸುವುದು ಹುಡುಗಾಟವಲ್ಲ. ಪೊಟ್ಟಣದ ತಿಂಡಿಯನ್ನು ಹೊರಗಟ್ಟಿದ್ದಂತೂ ಸರಿಯೇ ಸರಿ.

ಅದಕ್ಕೊಂದು ಪುರಾವೆ ಕೊಡುತ್ತೇನೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ತಮ್ಮಲ್ಲೇ ಇರಿಸಿಕೊಂಡು ನೋಡಿದರು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಂಸ್ಕರಿಸದ ಸಾಮಗ್ರಿಯಿಂದ ಮಾಡಿದ ಆಹಾರ. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಸೋಡಿಯಂ ಎಲ್ಲ ಸರಿಸುಮಾರು ಒಂದೇ. ಬೇಕಾದಷ್ಟು ತಿನ್ನಿ ಎಂದರು. ಸಂಸ್ಕರಿಸಿದ ಆಹಾರದ ಸರದಿಯಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ಸರಾಸರಿ 0.9 ಕಿಲೊ ಹೆಚ್ಚಾಯಿತು. ಮತ್ತೊಂದು ಸರದಿಯಲ್ಲಿ ಅಷ್ಟೇ ತೂಕ ಇಳಿಯಿತು. ಸಂಸ್ಕರಿಸಿದ್ದನ್ನು ಅವರು ಬೇಗಬೇಗನೆ ನುಂಗಿದ್ದರು ಎಂಬುದೂ ದಾಖಲಾಗಿದೆ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಸ್ಪಷ್ಟವಾಗಿ ಮುಟ್ಟಲು ಇಪ್ಪತ್ತು ನಿಮಿಷದಷ್ಟು ಬೇಕು. ಅಷ್ಟರೊಳಗೆ ತಟ್ಟೆ ಖಾಲಿಯಾದರೆ ಸುದ್ದಿ ತಲುಪಿ ಏನು ಪ್ರಯೋಜನ?

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಎಂದರೆ ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿ ಎಂದಷ್ಟೇ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ನಾಯಿ ತಿಂದ ಆಹಾರ ಹೊಟ್ಟೆಗೆ ಇಳಿಯದೆ ಗಂಟಲಿನಿಂದಲೇ ಹೊರಗೆ ಬೀಳುವಂತೆ ಮಾಡಿ ನೋಡಿದಾಗಲೂ ಜಠರರಸ ಧಾರಾಳವಾಗಿ ಸುರಿಯಿತು. (ಆ ನಾಯಿಯ ಪಾಡು ನೆನೆದರೆ ಸಂಕಟವಾಗುತ್ತದೆ, ಅದು ಬೇರೆ ಮಾತು.) ಎಂದರೆ ಜೀರ್ಣಕ್ರಿಯೆ ಹೊಟ್ಟೆಯಲ್ಲಿ ಅಲ್ಲ, ಕಣ್ಣು, ಮೂಗು, ನಾಲಿಗೆಯಲ್ಲಿ ಶುರುವಾಗುತ್ತದೆ. ಮೆದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರವೇ ಆ ಸುದ್ದಿಯನ್ನು ಒಯ್ಯುತ್ತದೆ. ಭಯ, ಸಿಟ್ಟು, ಆತಂಕದಲ್ಲಿ ದೇಹ ಓಟಕ್ಕೋ ಹೊಡೆದಾಟಕ್ಕೋ ಅಣಿಯಾಗುತ್ತದೆ, ಹೊಟ್ಟೆಯ ಕೆಲಸ ಹಿಂದೆ ಬೀಳುತ್ತದೆ.

ಹಾಗಾಗಿ ನಿಮ್ಮ ತಟ್ಟೆಯ ತೂಕದಲ್ಲಿ ನನ್ನ ತಕರಾರಿಲ್ಲ. ತಟ್ಟೆಯ ಸುತ್ತ ಕೂತವರ ಉಸಿರು ಬಿಗಿಯಾಗಿದೆ, ತಕರಾರು ಅಲ್ಲಿದೆ.

ತರ್ಕ · ಸೋಮವಾರ, ಬೆಳಿಗ್ಗೆ 7.15

ಹಾಲ್ ಅವರ ಅಧ್ಯಯನವನ್ನು ಮನೆಯಡುಗೆಯ ಜಯಭೇರಿಯಾಗಿ ಎಲ್ಲರೂ ಬಾರಿಸುತ್ತಾರೆ. ಅಲ್ಲಿ ಸಂಸ್ಕರಿಸದ ಊಟವನ್ನು ಬೇಯಿಸಿದ್ದೂ ಸಂಸ್ಥೆಯ ಅಡುಗೆಯವರೇ, ಯಾರ ಅಮ್ಮನೂ ಅಲ್ಲ. “ಪ್ರೀತಿಯಿಂದ ಬಡಿಸಿದ್ದು” ಎಂಬ ಪದಾರ್ಥ ಆ ಪಟ್ಟಿಯಲ್ಲಿ ಇರಲಿಲ್ಲ.

ಪ್ರಾರ್ಥನೆಯ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ, ನಾನೇ ಎತ್ತುತ್ತೇನೆ. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವಿದೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗಾಗಿ ಅಪರಿಚಿತರು ಪ್ರಾರ್ಥಿಸಿದರು, ಇನ್ನೊಂದಕ್ಕೆ ಪ್ರಾರ್ಥನೆಯಿಲ್ಲ. ಈ ಎರಡು ಗುಂಪಿನವರಿಗೂ ತಾವು ಯಾವುದರಲ್ಲಿದ್ದೇವೆಂದು ತಿಳಿಯದು. ತೊಡಕುಗಳು ಕಾಣಿಸಿಕೊಂಡದ್ದು ಕ್ರಮವಾಗಿ ಶೇ. 52 ಮತ್ತು ಶೇ. 51 ಮಂದಿಯಲ್ಲಿ. ಎಂದರೆ ವ್ಯತ್ಯಾಸವೇ ಇಲ್ಲ. ಮೂರನೆಯ ಗುಂಪಿಗೆ “ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ” ಎಂದು ಮೊದಲೇ ಹೇಳಿದ್ದರು. ಅವರಲ್ಲಿ ಶೇ. 59!

ಒಲೆಗಾವಲು ಅವರೇ, ನಿಮ್ಮ ಮನೆಯವರ ಪಾಡು ಆ ಮೂರನೆಯ ಗುಂಪಿನ ಹಾಗಿರಬಹುದು. ತಮಗಾಗಿ ಯಾರೋ ಇಷ್ಟು ಕಷ್ಟಪಡುತ್ತಿದ್ದಾರೆ, ನಾವು ಗುಣವಾಗಲೇಬೇಕು ಎಂಬ ಹೊರೆ.

ಮೌನಪಾಠ · ಸೋಮವಾರ, ಬೆಳಿಗ್ಗೆ 8.50

ತರ್ಕ ಅವರೇ, ಸಂಖ್ಯೆಗಳು ಸರಿ. ಆದರೆ ಆ ಅಧ್ಯಯನ ಅಳೆದದ್ದು ಬೇರೆಯವರು ದೂರದಲ್ಲಿ ಕೂತು ಮಾಡಿದ ಪ್ರಾರ್ಥನೆಯನ್ನು. ಅದರಿಂದ ಪ್ರಾರ್ಥಿಸುವವನಿಗೆ ಏನಾಗುತ್ತದೆ ಎಂಬುದನ್ನಲ್ಲ. ಅದಕ್ಕೂ ಒಂದು ಸಣ್ಣ ಅಧ್ಯಯನವಿದೆ. 2001ರಲ್ಲಿ ಇಟಲಿಯ ವೈದ್ಯ ಲುಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿದರು, ಬೌದ್ಧರ “ಓಂ ಮಣಿ ಪದ್ಮೆ ಹುಂ” ಮಂತ್ರವನ್ನೂ ಹೇಳಿಸಿದರು. ಧರ್ಮ ಬೇರೆ, ಭಾಷೆ ಬೇರೆ. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯ ಮತ್ತು ರಕ್ತದೊತ್ತಡದ ಏರಿಳಿತಗಳು ಆ ಲಯಕ್ಕೆ ಹೊಂದಿಕೊಂಡವು.

ದೇವರಿದ್ದಾನೆ ಎಂಬುದಕ್ಕೆ ಇದು ಸಾಕ್ಷಿಯಲ್ಲ. ನನಗೆ ಸಾಕ್ಷಿ ಬೇಕಾಗಿಯೂ ಇಲ್ಲ. ನನ್ನ ನಂಬಿಕೆಯನ್ನು ಪ್ರಯೋಗಾಲಯದ ಬಾಗಿಲಲ್ಲಿ ಸಾಲು ನಿಲ್ಲಿಸುವ ಇಚ್ಛೆಯೂ ಇಲ್ಲ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಆ ಲಯ ನಿಧಾನವಾಗಿ ಹೇಳಿದಾಗ ಬರುತ್ತದೆ, ಗಡಿಯಾರ ನೋಡುತ್ತ ಹೇಳಿದರೆ ಬರುವುದಿಲ್ಲ. ಒಲೆಗಾವಲು ಅಕ್ಕ, ಐದೂವರೆಗೆ ಕೂತಾಗ ನಿಮ್ಮ ಕಣ್ಣು ಎಲ್ಲಿರುತ್ತದೆ? ಸತ್ಯ ಹೇಳಿ. ಮುಚ್ಚಿರುತ್ತದೆಯೋ, ಯಾರು ತೂಕಡಿಸುತ್ತಿದ್ದಾರೆ ಎಂದು ನೋಡುತ್ತಿರುತ್ತದೆಯೋ?

ನಾನೇಕೆ ಕೇಳುತ್ತಿದ್ದೇನೆಂದರೆ ನನ್ನ ಕಣ್ಣು ಹತ್ತು ವರ್ಷ ತೆರೆದೇ ಇತ್ತು. ಮಕ್ಕಳು ಬೆಳೆದು ಹೊರಟ ಮೇಲೆ, ಕಾಯಲು ಯಾರೂ ಇಲ್ಲದಾಗ, ಮೊದಲ ಬಾರಿಗೆ ಮುಚ್ಚಿತು.

ರಾತ್ರಿಪಾಳಿ · ಸೋಮವಾರ, ಮಧ್ಯಾಹ್ನ 2.10

ಈಗಷ್ಟೇ ಎದ್ದೆ. ಎಲ್ಲರೂ ಅಕ್ಕನ ಸ್ವಭಾವವನ್ನು ತಿದ್ದಲು ಹೊರಟಿದ್ದೀರಿ. ನನಗೆ ಬೇರೆಯೇ ಪ್ರಶ್ನೆ ಇದೆ. ನಾಲ್ಕು ಜನರ ಮನೆಯಲ್ಲಿ ತೂಗುವವರು ಒಬ್ಬರು, ಹೆಚ್ಚುವವರು ಒಬ್ಬರು, ಬೇಯಿಸುವವರು ಒಬ್ಬರು, ಎಲ್ಲರನ್ನೂ ಎಬ್ಬಿಸಿ ಪ್ರಾರ್ಥನೆಗೆ ಕೂರಿಸುವವರೂ ಒಬ್ಬರೇ. ಉಳಿದ ಮೂವರು ಏನು ಮಾಡುತ್ತಾರೆ? ನಗುತ್ತಾರೆ! ನನಗೂ ಹಾಗೆ ನಗಲು ಬರುತ್ತದೆ, ಯಾರಾದರೂ ಅಡುಗೆ ಮಾಡಿ ಹಾಕಿದರೆ.

“ಮನೆಯಡುಗೆ” ಎಂಬ ಸಿಹಿ ಮಾತಿನ ಹಿಂದೆ ಯಾರ ಸೊಂಟ ನೋಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಬ್ರೆಜಿಲ್ ಸರ್ಕಾರ 2014ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯನ್ನು ಓದಿ. ಇಷ್ಟು ಗ್ರಾಂ ಅಷ್ಟು ಗ್ರಾಂ ಎನ್ನುವುದಕ್ಕಿಂತ ಆಗಷ್ಟೇ ಮಾಡಿದ ಅಡುಗೆ ತಿನ್ನಿ, ಸಾಧ್ಯವಾದಾಗ ಜೊತೆಯಾಗಿ ತಿನ್ನಿ, ಅವಸರ ಬೇಡ ಎನ್ನುತ್ತದೆ. ಅಡುಗೆ ಕಲಿತು ಕಲಿಸಿ, ಮನೆಗೆಲಸವನ್ನು ಹಂಚಿಕೊಳ್ಳಿ ಎಂದೂ ಹೇಳುತ್ತದೆ. ಸರ್ಕಾರಿ ಪುಸ್ತಕವೊಂದರಲ್ಲಿ ಅದನ್ನು ಓದಿದಾಗ ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು.

ಅಕ್ಕಾ, ನಿಮಗೆ ಉಪದೇಶ ಬೇಕಿಲ್ಲ. ವಾರಕ್ಕೆರಡು ದಿನ ರಜೆ ಬೇಕು.

ಒಲೆಗಾವಲು · ಸೋಮವಾರ, ರಾತ್ರಿ 10.30

ಎಲ್ಲರದನ್ನೂ ಓದಿದೆ. ಕೆಲವು ಮಾತು ಚುಚ್ಚಿದವು, ಸುಳ್ಳು ಹೇಳುವುದಿಲ್ಲ.

ಮೌನಪಾಠ ಅವರೇ, ಕಣ್ಣು ತೆರೆದೇ ಇರುತ್ತದೆ. ಮಗ ಮೊಬೈಲ್ ಮುಟ್ಟುತ್ತಾನೇನೋ ಎಂದು ನೋಡುತ್ತಿರುತ್ತೇನೆ. ಈ ದಿನ ನನ್ನನ್ನೇ ಗಮನಿಸಿಕೊಂಡೆ. ಇಪ್ಪತ್ತು ನಿಮಿಷದಲ್ಲಿ ದೇವರ ನೆನಪು ಎರಡು ಸಲ ಬಂದಿರಬಹುದು. ಉಳಿದದ್ದೆಲ್ಲ ಕಾವಲು. ಹೆಸರನ್ನು ಸರಿಯಾಗಿಯೇ ಇಟ್ಟುಕೊಂಡಿದ್ದೇನೆ.

ರಾತ್ರಿಪಾಳಿ ತಂಗೀ, ಕೆಲಸ ಹಂಚಿಕೊಳ್ಳಿ ಎನ್ನುವುದು ಸುಲಭ. ಅವರಿಗೆ ಬಿಟ್ಟರೆ ಉಪ್ಪು ಹೆಚ್ಚಾಗುತ್ತದೆ. ಆ ಎರಡು ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತವಳು ನಾನು. ನನಗೆ ಅದು ಮತ್ತೆ ಬೇಡ.

ಹಳೆಪಾತ್ರೆ · ಸೋಮವಾರ, ರಾತ್ರಿ 10.48

ನೋಡು, ಕೊನೆಗೆ ಕುರ್ಚಿ ಸಿಕ್ಕಿತು. ಮೂರು ವರ್ಷದಿಂದ ನೀನು ಆ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದೇ ಇಲ್ಲ.

ಒಂಟಿತಟ್ಟೆ · ಮಂಗಳವಾರ, ಬೆಳಿಗ್ಗೆ 6.05

ವಯಸ್ಸು ಎಪ್ಪತ್ತೊಂದು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಅವಳಿದ್ದಾಗ ನನಗೆ ನೀರು ಕಾಯಿಸಲೂ ಬರುತ್ತಿರಲಿಲ್ಲ. ಅದು ಜಂಬದ ಮಾತಲ್ಲ, ನಾಚಿಕೆಯ ಮಾತು.

ಮೊದಲ ವರ್ಷ ನಿಂತುಕೊಂಡೇ ತಿನ್ನುತ್ತಿದ್ದೆ. ಪಾತ್ರೆಯಿಂದ ನೇರ ಬಾಯಿಗೆ. ಒಬ್ಬನಿಗೆ ತಟ್ಟೆ ಏಕೆ, ತೊಳೆಯುವ ಕೆಲಸ ಬೇರೆ ಎಂದು. ಆರು ಕಿಲೊ ಇಳಿದೆ. ಒಂದು ದಿನ ಮೊಮ್ಮಗಳು ವಿಡಿಯೊ ಕರೆ ಮಾಡಿದಾಗ ನಾನು ಒಲೆಯ ಪಕ್ಕದಲ್ಲಿ ನಿಂತು ತಿನ್ನುತ್ತಿದ್ದೆ. “ತಾತ, ನೀನು ಏಕೆ ಕುದುರೆಯ ಹಾಗೆ ನಿಂತು ತಿನ್ನುತ್ತೀಯ?” ಎಂದು ಕೇಳಿತು. ಅಂದಿನಿಂದ ಕೂರುತ್ತೇನೆ. ತಟ್ಟೆ ಇಡುತ್ತೇನೆ, ಲೋಟ ಇಡುತ್ತೇನೆ, ಒಂದು ಕ್ಷಣ ಕೈ ಮುಗಿಯುತ್ತೇನೆ. ಯಾರಿಗೆ ಎಂದು ಕೇಳಬೇಡಿ. ಬೆಳೆದವರಿಗಿರಬಹುದು, ಅವಳಿಗಿರಬಹುದು.

ಬುಧವಾರ ಮತ್ತು ಶನಿವಾರ ಮಹಡಿಯ ಮೇಲಿನ ಹುಡುಗನನ್ನು ಊಟಕ್ಕೆ ಕರೆಯುತ್ತೇನೆ. ಅವನಿಗೂ ಯಾರೂ ಇಲ್ಲ. ನನ್ನ ಅಡುಗೆ ಅಷ್ಟಕ್ಕಷ್ಟೇ, ಆದರೆ ಆ ಎರಡು ದಿನ ರುಚಿ ಹೆಚ್ಚು. ಸಾಮಗ್ರಿ ಅದೇ, ಕೈ ಅದೇ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಿಂದ ಕೆಲವರ ಇಡೀ ಬದುಕನ್ನು ಹಿಂಬಾಲಿಸುತ್ತ ಬಂದಿದ್ದಾರಂತಲ್ಲ. ಐವತ್ತರ ವಯಸ್ಸಿನಲ್ಲಿ ಯಾರ ಸಂಬಂಧಗಳು ತೃಪ್ತಿಕರವಾಗಿದ್ದವೋ ಅವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು, ಅದನ್ನು ಕೊಲೆಸ್ಟರಾಲಿಗಿಂತ ಚೆನ್ನಾಗಿ ಸಂಬಂಧಗಳೇ ಸೂಚಿಸಿದವು ಎಂದು ಅದರ ಮುಖ್ಯಸ್ಥರು ಹೇಳುತ್ತಾರೆ. ನನಗೆ ಅದನ್ನು ತಿಳಿಯಲು ಎರಡು ತಟ್ಟೆ ಸಾಕಾಯಿತು.

ಮಗಳೇ, ನಿನ್ನ ಮನೆಯಲ್ಲಿ ನಾಲ್ಕು ತಟ್ಟೆಗಳಿವೆ.

ಹೊಸಬಾಣಲೆ · ಮಂಗಳವಾರ, ಬೆಳಿಗ್ಗೆ 9.30

ಒಂಟಿತಟ್ಟೆ ತಾತ, ನಿಮ್ಮ ಬರಹ ಓದಿ ಕಚೇರಿಯಲ್ಲಿ ಕಣ್ಣೊರೆಸಿಕೊಂಡೆ.

ವಾತಾವರಣ ಹಗುರಾಗಲೆಂದು ನನ್ನ ಕಥೆ ಹೇಳುತ್ತೇನೆ. ನಾನು ಅಡುಗೆ ಕಲಿಯಲು ಶುರುಮಾಡಿ ಎಂಟು ತಿಂಗಳು. ಮೊದಲ ತಿಂಗಳಲ್ಲೇ ಕೆಂಪು ರಾಜ್ಮಾ ಕಾಳನ್ನು ಸ್ವಲ್ಪ ನೆನೆಸಿ, ಸಣ್ಣ ಉರಿಯಲ್ಲಿ ಅರೆಬರೆ ಬೇಯಿಸಿ, “ಕಚ್ಚಿದರೆ ಸಿಗಬೇಕು” ಎಂದು ನಾನೂ ಗೆಳೆಯನೂ ತಿಂದೆವು. ಮೂರು ಗಂಟೆಯೊಳಗೆ ಇಬ್ಬರೂ ಬಚ್ಚಲಿನ ಬಾಗಿಲಿಗಾಗಿ ಜಗಳವಾಡುತ್ತಿದ್ದೆವು. ಮನೆಯಡುಗೆ ಎಂದ ಮಾತ್ರಕ್ಕೆ ಅಮೃತವಲ್ಲ, ಸ್ವಾಮಿ.

ಸೊಪ್ಪಿನಕಟ್ಟು · ಮಂಗಳವಾರ, ಮಧ್ಯಾಹ್ನ 1.15

ಹೊಸಬಾಣಲೆ ಅವರೇ, ನಗಿಸಿದಿರಿ, ಆದರೆ ವಿಷಯ ಗಂಭೀರವಾದದ್ದು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಕುದಿಯದ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಆ ವಿಷ ಹೋಗದಿರಬಹುದು.

ಅನ್ನವನ್ನೂ ಬಹಳ ಜನ ಹಗುರವಾಗಿ ನೋಡುತ್ತಾರೆ. ಬೆಂದ ಅನ್ನವನ್ನು ಬೆಚ್ಚಗಿನ ಕೋಣೆಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಉತ್ಪಾದಿಸಬಹುದು. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಉಳಿದದ್ದನ್ನು ಎರಡು ಗಂಟೆಯೊಳಗೆ ತಣಿಸಿ ಫ್ರಿಜ್‌ಗೆ ಸೇರಿಸಿ.

ಬಂದದ್ದೇ ಬಂದೆ, ಇನ್ನೊಂದು ಮಾತು. ಪ್ರೋಟೀನ್ ಕಟ್ಟುವ ಘಟಕಗಳಲ್ಲಿ ಲೈಸಿನ್ ಧಾನ್ಯದಲ್ಲಿ ಕಡಿಮೆ, ಮೆಥಿಯೊನೀನ್ ಬೇಳೆಯಲ್ಲಿ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರುವುದಿಲ್ಲ. ಜೊತೆಗೆ ನಿಂಬೆಹುಳಿ ಹಿಂಡಿದರೆ ಹೆಚ್ಚು ಹೀರುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆ. ಒಲೆಗಾವಲು ಅವರೇ, ನಿಮಗೆ ಇದನ್ನು ಒತ್ತಿ ಹೇಳುತ್ತೇನೆ: ಹುಳಿ, ಕಾಳುಮೆಣಸು, ಬೆಳ್ಳುಳ್ಳಿ, ಹುರಿದ ಜೀರಿಗೆ, ಇವುಗಳಿಗೆ ಗ್ರಾಂ ಲೆಕ್ಕವಿಲ್ಲ. ಉಪ್ಪು ಕಡಿಮೆ ಮಾಡಿದ ಮನೆಯಲ್ಲಿ ರುಚಿ ಕಡಿಮೆಯಾಗಬೇಕೆಂಬ ಕಾನೂನಿಲ್ಲ. ಯಜಮಾನರು ಕಡೆಯ ಬಾರಿ “ಆಹಾ” ಎಂದದ್ದು ಯಾವಾಗ?

ತರ್ಕ · ಮಂಗಳವಾರ, ಸಂಜೆ 6.40

ನಾನು ನಂಬಿಕೆಯಿಲ್ಲದವನಾದರೂ ಊಟಕ್ಕೆ ಮೊದಲು ಅರ್ಧ ನಿಮಿಷ ಸುಮ್ಮನಿರುತ್ತೇನೆ. ಮೌನಪಾಠ ಅವರು ಇದನ್ನು ತಮ್ಮ ಕಡೆಗೆ ಎಳೆದುಕೊಳ್ಳಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ಹಸಿದವನು ತಟ್ಟೆಯ ಮೇಲೆ ಬೀಳದೆ ತಡೆಯಲು ಅದೊಂದು ಉಪಾಯ, ಅಷ್ಟೇ.

ಮೌನಪಾಠ · ಮಂಗಳವಾರ, ಸಂಜೆ 7.20

ಎಳೆದುಕೊಳ್ಳುವುದಿಲ್ಲ. ನಿಮ್ಮ ಅರ್ಧ ನಿಮಿಷ ನಿಮಗಿರಲಿ, ನನ್ನದರ ಹೆಸರು ಬೇರೆ.

ಆದರೆ ತರ್ಕ ಅವರ ಮುಂದೆ ಒಂದು ಒಗಟು ಇಡುತ್ತೇನೆ. ಅಮೆರಿಕದ ಕ್ರೈಸ್ತ ಸನ್ಯಾಸಿನಿಯರನ್ನು ಕುರಿತ ದೀರ್ಘ ಅಧ್ಯಯನವೊಂದು 1986ರಲ್ಲಿ ಆರಂಭವಾಯಿತು. ಅವರಲ್ಲಿ 180 ಮಂದಿ, ಸರಾಸರಿ 22ರ ವಯಸ್ಸಿನಲ್ಲಿ, 1930 ಮತ್ತು 40ರ ದಶಕಗಳಲ್ಲಿ, ತಮ್ಮ ಜೀವನಕಥೆಯನ್ನು ಪುಟ್ಟದಾಗಿ ಕೈಬರಹದಲ್ಲಿ ಬರೆದುಕೊಟ್ಟಿದ್ದರು. ಸಂಶೋಧಕರು ಆ ಹಾಳೆಗಳನ್ನು ತೆಗೆದು ಸಂತೋಷ, ಕೃತಜ್ಞತೆ, ಆಸೆ, ಪ್ರೀತಿ ತೋರುವ ಮಾತು ಎಷ್ಟಿದೆ ಎಂದು ಎಣಿಸಿದರು. ಸುಮಾರು ಅರವತ್ತು ವರ್ಷಗಳ ಬಳಿಕ ಯಾರು ಉಳಿದಿದ್ದಾರೆ, ಯಾರು ಇಲ್ಲ ಎಂದು ನೋಡಿದರು. ಆ ಮಾತು ಹೆಚ್ಚು ಇದ್ದವರು ಹೆಚ್ಚು ಕಾಲ ಬದುಕಿದ್ದರು. ತೀರ ಕಡಿಮೆ ಬರೆದ ಕಾಲುಭಾಗದವರಲ್ಲಿ ಸಾವಿನ ಅಪಾಯ, ತೀರ ಹೆಚ್ಚು ಬರೆದ ಕಾಲುಭಾಗದವರದಕ್ಕಿಂತ ಎರಡೂವರೆ ಪಟ್ಟು. 2001ರಲ್ಲಿ ಪ್ರಕಟವಾಯಿತು.

ಈಗ ಯೋಚಿಸಿ. ಅವರೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಊಟ ಉಂಡವರು. ಒಂದೇ ಪ್ರಾರ್ಥನೆ ಹೇಳಿದವರು. ಮದುವೆಯಿಲ್ಲ, ಅತಿಯಾದ ಮದ್ಯಪಾನವಿಲ್ಲ, ಧೂಮಪಾನವಿಲ್ಲ. ಒಲೆಗಾವಲು ಅವರ ಪಟ್ಟಿಯಲ್ಲಿರುವ ಎರಡೂ ಎಲ್ಲರಿಗೂ ಸಮನಾಗಿತ್ತು. ಸಮನಾಗಿರದಿದ್ದದ್ದು ಮೂರನೆಯದು.

ತರ್ಕ · ಮಂಗಳವಾರ, ರಾತ್ರಿ 8.02

ಒಗಟು ಚೆನ್ನಾಗಿದೆ. ಅದು ನನಗೂ ಇಷ್ಟವಾದ ಅಧ್ಯಯನ. ಆದರೆ ನಗುನಗುತ್ತ ಬರೆದದ್ದರಿಂದ ಆಯುಷ್ಯ ಬಂತೋ, ಗಟ್ಟಿ ದೇಹ ಪಡೆದು ಹುಟ್ಟಿದವರು ನಗುನಗುತ್ತ ಬರೆದರೋ, ಅದರಿಂದ ತೀರ್ಮಾನಿಸಲಾಗದು. ಇನ್ನೂ ಒಂದು ಅಪಾಯವಿದೆ. ಈ ವಿಷಯ ಓದಿ ಒಲೆಗಾವಲು ಅವರು ನಾಳೆಯಿಂದ “ಸಂಜೆ ಏಳರಿಂದ ಏಳೂಕಾಲರವರೆಗೆ ಎಲ್ಲರೂ ಸಂತೋಷವಾಗಿರಬೇಕು” ಎಂದು ಆಜ್ಞೆ ಹೊರಡಿಸಿದರೆ?

ಹಳೆಪಾತ್ರೆ · ಮಂಗಳವಾರ, ರಾತ್ರಿ 8.11

ಸೀಸೆಯಲ್ಲಿ ತೂಗಿ ಕೊಡುತ್ತಾಳೆ. ತಲೆಗೆ 5 ಗ್ರಾಂ ನಗು.

ಒಲೆಗಾವಲು · ಮಂಗಳವಾರ, ರಾತ್ರಿ 9.15

ಇದನ್ನು ಓದಿ ಜೋರಾಗಿ ನಕ್ಕೆ. ಯಜಮಾನರು ಕೋಣೆಯಿಂದ ಬಂದು “ಏನಾಯಿತು?” ಎಂದರು, ಗಾಬರಿಯಿಂದ. ನಾನು ನಕ್ಕದ್ದಕ್ಕೆ ಗಾಬರಿ! ಫೋನನ್ನು ಅವರ ಕೈಗೆ ಕೊಟ್ಟೆ. ಅರ್ಧ ಗಂಟೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದರು. ಆ ಪ್ಲಾಸ್ಟಿಕ್ ಕುರ್ಚಿಯ ಮಾತು ಬಂದಲ್ಲಿ ಓದು ಬಹಳ ಹೊತ್ತು ನಿಂತಿತು. ಆಸ್ಪತ್ರೆಯ ವಿಷಯವನ್ನು ನಾವಿಬ್ಬರೂ ಈ ಮೂರು ವರ್ಷದಲ್ಲಿ ಒಮ್ಮೆಯೂ ಮಾತನಾಡಿರಲಿಲ್ಲ. ನಿನ್ನೆ ಮೊನ್ನೆಯವರೆಗೆ ಉಪ್ಪಿನ ವಿಷಯ ಮಾತ್ರ ಮಾತನಾಡಿದ್ದೆವು.

ಬಳಿಕ ಅವರು ಕೇಳಿದರು: “ನಿನಗೆ ಅಷ್ಟು ಹೆದರಿಕೆಯಾಗಿತ್ತೇ?”

ಮುಂದಿನದು ಇಲ್ಲಿ ಬೇಡ.

ನಿರ್ವಾಹಕರು · ಬುಧವಾರ, ಬೆಳಿಗ್ಗೆ 10.00

ಒಂದು ಸೂಚನೆ. ರಕ್ತದೊತ್ತಡದ ಮಾತ್ರೆಯನ್ನು ಊಟ, ಪ್ರಾರ್ಥನೆ, ಉಸಿರಾಟದ ಹೆಸರಿನಲ್ಲಿ ನಿಲ್ಲಿಸಲು ಸಲಹೆ ನೀಡಿದ ಎರಡು ಪ್ರತಿಕ್ರಿಯೆಗಳನ್ನು ತೆಗೆದುಹಾಕಲಾಗಿದೆ. ಪೊಟ್ಯಾಸಿಯಮ್ ಬೆರೆಸಿದ ಬದಲಿ ಉಪ್ಪನ್ನು ಸೂಚಿಸಿದವರ ಗಮನಕ್ಕೆ: ಮೂತ್ರಪಿಂಡದ ತೊಂದರೆ ಇರುವವರಿಗೆ ಮತ್ತು ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯಕಾರಿ. ವೈದ್ಯರನ್ನು ಕೇಳಿಯೇ ಬಳಸಬೇಕು.

ರಾತ್ರಿಪಾಳಿ · ಶುಕ್ರವಾರ, ಸಂಜೆ 5.30

ಅಕ್ಕಾ, ಸುದ್ದಿಯೇ ಇಲ್ಲ. ರಜೆ ಸಿಕ್ಕಿತೇ?

ಒಲೆಗಾವಲು · ಭಾನುವಾರ, ಮಧ್ಯಾಹ್ನ 3.45

ಸಿಕ್ಕಿತು, ಒಂದು ದಿನ. ನಿನ್ನೆ ಶನಿವಾರ. ಅಪ್ಪ ಮಗಳು ಸೇರಿ ಅಡುಗೆ ಮಾಡುತ್ತೇವೆ, ನೀನು ಒಳಗೆ ಬರಕೂಡದು ಎಂದರು. ಮಗ ಹೆಚ್ಚಿ ಕೊಟ್ಟ. ಕ್ಯಾರೆಟ್ ತುಂಡುಗಳು ಒಂದೊಂದು ಒಂದೊಂದು ಗಾತ್ರ. ನಾನು ಹಜಾರದಲ್ಲಿ ಕೈಕಟ್ಟಿ ಕೂತಿದ್ದೆ. ಕೂತಿದ್ದೆ ಎಂದರೆ ಸುಳ್ಳು, ನಾಲ್ಕು ಸಲ ಎದ್ದೆ, ನಾಲ್ಕು ಸಲವೂ “ಅಮ್ಮಾ!” ಎಂದು ಒಳಗಿನಿಂದ ಕೂಗು ಬಂತು.

ಬೆಳಗಿನ ಪ್ರಾರ್ಥನೆಗೆ ಮಂಗಳವಾರದಿಂದ ಯಾರನ್ನೂ ಎಬ್ಬಿಸಲಿಲ್ಲ. ಗುರುವಾರದವರೆಗೆ ನಾನೊಬ್ಬಳೇ ಕೂತೆ. ಕಣ್ಣು ಮುಚ್ಚಿಕೊಂಡೆ. ಮೊದಲ ದಿನ ಮುಚ್ಚಿದ ಕಣ್ಣಿನೊಳಗೂ ಎಲ್ಲರ ಹಾಜರಿ ತೆಗೆದುಕೊಂಡೆ. ಬುಧವಾರದ ಹೊತ್ತಿಗೆ ಸ್ವಲ್ಪ ಹಗುರಾಯಿತು. ಶುಕ್ರವಾರ ಯಜಮಾನರು ತಾವೇ ಬಂದು ಪಕ್ಕದಲ್ಲಿ ಕೂತರು. ಮಕ್ಕಳು ಬಂದಿಲ್ಲ. ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಬೇಸರವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಊಟದ ವಿಷಯ. ಬೇಳೆ ಚೆನ್ನಾಗಿ ಬೆಂದಿತ್ತು. ಸೊಪ್ಪಿನಕಟ್ಟು ಅವರು ಹೇಳಿದ ಹಾಗೆ ನಿಂಬೆ ಹಿಂಡಿ, ಬೆಳ್ಳುಳ್ಳಿ ಹುರಿದು ಹಾಕಿದ್ದರು. ಉಪ್ಪಿನ ಸೀಸೆಯಲ್ಲಿ ರಾತ್ರಿಯೂ ಸ್ವಲ್ಪ ಉಳಿದಿತ್ತು! ನಾನು ಮಾಡುವ ದಿನ ಉಳಿಯುವುದಿಲ್ಲ. ತುಸು ಮುಖಭಂಗವಾಯಿತು, ಇರಲಿ. ಊಟಕ್ಕೆ ಐವತ್ತು ನಿಮಿಷ ಹಿಡಿಯಿತು. ಹಿಂದಿನ ಭಾನುವಾರ ಏತಕ್ಕೆ ನಗುತ್ತಿದ್ದರೆಂದು ಕೊನೆಗೂ ಹೇಳಿದರು: ನಾನು ತಕ್ಕಡಿಯ ಮುಂದೆ ಕನ್ನಡಕ ಏರಿಸಿಕೊಂಡು ನಿಲ್ಲುವ ಭಂಗಿಯನ್ನು ಯಜಮಾನರು ಮಾಡಿ ತೋರಿಸುತ್ತಿದ್ದರಂತೆ. ಮತ್ತೆ ಮಾಡಿ ತೋರಿಸಿದರು. ತದ್ರೂಪ.

ಒಂದೇ ತೊಂದರೆ. ಮಾತಿನ ಭರದಲ್ಲಿ ಅನ್ನ ತಳ ಹಿಡಿದು ಪಾತ್ರೆಯ ಅಡಿ ಕರಕಲಾಗಿದೆ. ನಿನ್ನೆಯಿಂದ ನೆನೆಹಾಕಿದ್ದೇನೆ, ಬಿಡುತ್ತಿಲ್ಲ. ಯಾರಿಗಾದರೂ ಉಪಾಯ ಗೊತ್ತೇ?

ಹಳೆಪಾತ್ರೆ · ಭಾನುವಾರ, ಸಂಜೆ 4.00

ಸ್ಟೀಲಿನ ಪಾತ್ರೆಯೋ, ಅಲ್ಯೂಮಿನಿಯಮ್ಮಿನದೋ?

ಒಲೆಗಾವಲು · ಭಾನುವಾರ, ಸಂಜೆ 4.02

ಸ್ಟೀಲು.

ಹಳೆಪಾತ್ರೆ · ಭಾನುವಾರ, ಸಂಜೆ 4.09

ಹಾಗಾದರೆ ಸುಲಭ. ಕರಕಲು ಮುಳುಗುವಷ್ಟು ನೀರು ಹಾಕಿ, ಎರಡು ಚಮಚ ಅಡುಗೆ ಸೋಡಾ ಬೆರೆಸಿ, ಹತ್ತು ನಿಮಿಷ ಕುದಿಸು. ಆರಿದ ಮೇಲೆ ಮರದ ಸೌಟಿನಿಂದ ಕೆರೆ, ಎದ್ದು ಬರುತ್ತದೆ. ಅಲ್ಯೂಮಿನಿಯಮ್ ಆಗಿದ್ದರೆ ಸೋಡಾ ಹಾಕಬೇಡ, ಕಪ್ಪಾಗುತ್ತದೆ. ಮತ್ತೆ, ನೀನೇ ಉಜ್ಜಲು ಕೂರಬೇಡ. ತಳ ಹಿಡಿಸಿದವರಿಗೆ ಕೊಡು.